ಪ್ರತಿಕ್ರಿಯೆ: ನರಕೋಶ ಕೊಲ್ಲುವ ನೈಟ್ರಿಕ್ ಆಕ್ಸೈಡ್ ಗ್ಲಾಕೋಮಾ ಡ್ರಾಪ್ಸ್‌ನಲ್ಲಿ ಯಾಕೆ?

ಅಣ್ಣಾರೆ, ನಿಮ್ಮ ತಂದೆಯವರು ಗ್ಲಾಕೋಮಾಕ್ಕೆ (ಕಣ್ಣಿನ ನರ ಹಾಳಾಗುವ ರೋಗ) ಕಣ್ಣಿನ ಒತ್ತಡ ಇಳಿಸುವ ಲ್ಯಾಟನೋಪ್ರೋಸ್ಟ್ ಹನಿ ಹಾಕ್ತಾರೆ, ಅದರ ಹೊಸ ರೂಪ ಲ್ಯಾಟನೋಪ್ರೋಸ್ಟೀನ್ ಬ್ಯೂನೋಡ್ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಅದು ರೆಟಿನಾದ (ಕಣ್ಣಿನ ಹಿಂಭಾಗದ ಪರದೆ) ನರಕೋಶ ಕೊಲ್ಲುವುದಿಲ್ಲವೇ ಅಂತ ಕೇಳಿದ್ದೀರಿ.

ಎಲ್ಲಿ, ಎಷ್ಟು ಅನ್ನೋದೇ ಮುಖ್ಯ ರೀ. ರೆಟಿನಾದಲ್ಲಿ ಗ್ಲುಟಮೇಟ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಹೆಚ್ಚಾದರೆ, ಅದನ್ನು ಗ್ರಹಿಸುವ ಎನ್‌ಎಂಡಿಎ ಎಂಬ ಬಾಗಿಲುಗಳು ತೆರೆದು ಗ್ಯಾಂಗ್ಲಿಯಾನ್ ಕೋಶದೊಳಗೆ (ಮೆದುಳಿಗೆ ದೃಶ್ಯ ಸಂದೇಶ ಕಳಿಸುವ ನರಕೋಶ) ಕ್ಯಾಲ್ಸಿಯಂ ನುಗ್ಗುತ್ತದೆ. ಅದು ನೈಟ್ರಿಕ್ ಆಕ್ಸೈಡ್ ತಯಾರಿಸುವ, ನರಕೋಶದ ಎನ್‌ಒಎಸ್ ಕಿಣ್ವವನ್ನು ಚುರುಕುಗೊಳಿಸುತ್ತದೆ. ಹುಟ್ಟಿದ ನೈಟ್ರಿಕ್ ಆಕ್ಸೈಡ್ ಸೂಪರ್ಆಕ್ಸೈಡ್ (ಆಮ್ಲಜನಕದ ಚುರುಕು ರೂಪ) ಜೊತೆ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ಹಾನಿಕರ ವಸ್ತು ಆಗುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಹಾಳು ಮಾಡೋದು ಮುಖ್ಯವಾಗಿ ಇದೇ. ಉರಿಯೂತವಿದ್ದರೆ ಗ್ಲಿಯಾ ಕೋಶಗಳ (ನರಕೋಶಗಳಿಗೆ ಆಸರೆಯಾದ ಕೋಶಗಳು) ಐಎನ್‌ಒಎಸ್, ಅಂದ್ರೆ ಅದೇ ಕಿಣ್ವದ ಇನ್ನೊಂದು ರೂಪ, ದಿನಗಟ್ಟಲೆ ನೈಟ್ರಿಕ್ ಆಕ್ಸೈಡ್ ಸುರಿಯುತ್ತದೆ. ಈ ಐಎನ್‌ಒಎಸ್ ತಡೆದರೆ ಇಲಿಗಳಲ್ಲಿ ಕೋಶ ಉಳಿದವು ಅಂತ 1999ರಲ್ಲಿ ವರದಿಯಾಯ್ತು. 2005ರ ಇನ್ನೊಂದು ಇಲಿ ಪ್ರಯೋಗ ಅದನ್ನು ಎತ್ತಿಹಿಡಿಯಲಿಲ್ಲ. ಹಾಗಾಗಿ ಕೋಶ ಸಾಯೋದಕ್ಕೆ ಐಎನ್‌ಒಎಸ್ ಒಂದೇ ಪೂರ್ತಿ ಕಾರಣ ಅನ್ನಲಾರೆ.

ಆ ಹೊಸ ಡ್ರಾಪ್ಸ್‌ನ ನೈಟ್ರಿಕ್ ಆಕ್ಸೈಡ್ ಅಲ್ಪ ಪ್ರಮಾಣದ್ದು, ಅದರ ಕೆಲಸ ಕಣ್ಣಿನ ಮುಂಭಾಗದಲ್ಲಿ: ಕಣ್ಣಿನ ದ್ರವ ಸೋಸಿ ಹೋಗುವ ಟ್ರಾಬೆಕ್ಯುಲರ್ ಜಾಲರಿ ಸಡಿಲಿಸಿ ದ್ರವ ಹೊರಹೋಗಲು ಬಿಡುತ್ತದೆ, ಒತ್ತಡ ಇಳಿಯುತ್ತದೆ. ಅಮೆರಿಕದಲ್ಲಿ 2017ರಲ್ಲೇ ಅನುಮತಿ ಸಿಕ್ಕಿದೆ.

ಈಗಿನ ಔಷಧ ಮಾತ್ರ ದಯವಿಟ್ಟು ಬಿಡಿಸಬೇಡ್ರಿ. ಒಂದೇ ಹನಿ ಹಾಕಿ, ಮೂಗಿನ ಕಡೆಯ ಕಣ್ಣಂಚು 2 ನಿಮಿಷ ಒತ್ತಿ ಹಿಡಿಯಲಿ. ಬೇರೆ ಹನಿಗೆ 5 ನಿಮಿಷ ಬಿಡಲಿ. ವಿಜಯಪುರದ ಬ್ಯಾಸಗಿಯಲ್ಲಿ ಕಪಾಟಿನಲ್ಲಿಟ್ಟ ಬಾಟಲಿ ಕೆಡಬಹುದು. ತೆರೆಯದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್ ಬೇಡ. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆದು, ಲೇಬಲ್ ಹೇಳಿದಂತೆ 4–6 ವಾರಕ್ಕೆ ಬದಲಿಸಿ.