ಹಳೇ ಸ್ಪೋರ್ಟ್ಸ್ ಕಾರಿನ ಮರದ ಡ್ಯಾಶ್‌ಬೋರ್ಡ್‌ನ ವಾರ್ನಿಷ್ ಬಿರುಕು ಬಿಟ್ಟಿದೆ. ಅದರ ಮೇಲೇ ಹೊಸ ಕೋಟ್ ಹೊಡೆದರೆ ಸಾಕಾ?

ಸಾಕಾಗಲ್ಲ. ಹಳೇ ವಾರ್ನಿಷ್ ಪೂರ್ತಿ ತೆಗೆದೇ ಹೊಸದು ಹಚ್ಚಬೇಕು. ಬಿಸಿಲಿಗೆ, ತೇವಕ್ಕೆ ಮರ ಕುಗ್ಗುತ್ತದೆ, ಹಿಗ್ಗುತ್ತದೆ. ವಯಸ್ಸಾದ ವಾರ್ನಿಷ್ ಗಾಜಿನ ಹಾಗೆ ಗಡುಸಾಗಿ, ಮರದ ಜೊತೆ ಹಿಗ್ಗಲಾರದೆ ಸೀಳುತ್ತದೆ. ಮೇಲೆ ಎಷ್ಟು ಕೋಟ್ ಹೊಡೆದರೂ ಕೆಳಗಿನ ಬಿರುಕು ಅಲುಗುತ್ತಲೇ ಇದ್ದು, ಹೊಸ ಪದರವನ್ನೂ ಒಡೆಯುತ್ತದೆ.

ಹಾಗಂತ ಸ್ಯಾಂಡ್‌ಪೇಪರ್ ಹಿಡಿದು ಜೋರಾಗಿ ಉಜ್ಜಬೇಡಿ. ಡ್ಯಾಶ್‌ಬೋರ್ಡ್‌ನ ಆ ಚಂದದ ವಾಲ್‌ನಟ್ (ಅಕ್ರೋಟ್) ಮರ ಹೆಚ್ಚಿನ ಕಾರುಗಳಲ್ಲಿ ಬರೀ ವೆನೀರ್, ಅಂದರೆ ಪ್ಲೈವುಡ್ ಮೇಲೆ ಅಂಟಿಸಿದ ಮರದ ತೆಳು ಹಾಳೆ. ಸಾಮಾನ್ಯವಾಗಿ 1 ಮಿಲಿಮೀಟರೂ ದಪ್ಪ ಇರಲ್ಲ. ಮೀಟರ್ ಕೂರಿಸುವ ತೂತಿನ ಅಂಚಿನಲ್ಲಂತೂ ನಾಲ್ಕು ಸಲ ಜಾಸ್ತಿ ಉಜ್ಜಿದರೆ ಪ್ಲೈವುಡ್ ಇಣುಕುತ್ತದೆ. ಪೇಂಟ್ ರಿಮೂವರ್ ಹಚ್ಚಿ, ವಾರ್ನಿಷ್ ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಕೆರೆಯಿರಿ. ಹೊಸ ವಾರ್ನಿಷ್ ಬಿಸಿಲಿನ ಯುವಿ (ಅತಿನೇರಳೆ) ಕಿರಣ ತಡೆಯುವಂಥದ್ದೇ ಇರಲಿ.