ಅಡೋಲೆಸೆನ್ಸ್: ಒಂದೇ ಶಾಟ್ ಬರೀ ಶೋಕಿಗಾ?

'ಕಟ್ ಇಲ್ಲದೆ ತೆಗೆದಿದ್ದಾರೆ ಅನ್ನೋದೊಂದೇ ವಿಶೇಷನಾ, ಕತೆಯಲ್ಲೂ ಏನಾದ್ರೂ ಇದೆಯಾ' ಅಂತ ಕೇಳಿದ್ದೀರಿ. ಖಂಡಿತ ಇದೆ. ನೆಟ್‌ಫ್ಲಿಕ್ಸ್‌ನ 2025ರ ಈ ಬ್ರಿಟಿಷ್ ಸರಣಿಯಲ್ಲಿ ಇರೋದೇ 4 ಕಂತು, ಒಂದೊಂದು ಕಂತೂ ನಡುವೆ ಎಲ್ಲೂ ಕ್ಯಾಮೆರಾ ನಿಲ್ಲಿಸದೆ ತೆಗೆದ ಒಂದೇ ಶಾಟ್. ಕೊಲೆ ಮಾಡಿದ್ದು ಯಾರು ಅನ್ನೋ ಕುತೂಹಲ ಮೊದಲ ಕಂತಲ್ಲೇ ಮುಗಿಯುತ್ತದೆ, ಪತ್ತೇದಾರಿ ಕತೆ ಅಂತ ಕೂರಬೇಡಿ.

3ನೇ ಕಂತು ಮಾತ್ರ ತಪ್ಪಿಸಬೇಡಿ. ಒಂದು ಕೋಣೆ, ಕೊಲೆ ಆರೋಪ ಹೊತ್ತ 13 ವರ್ಷದ ಹುಡುಗ, ಎದುರಿಗೆ ಮನಶ್ಶಾಸ್ತ್ರಜ್ಞೆ. ತಮಾಷೆ ಮಾಡುತ್ತಿದ್ದವನು ಏಕಾಏಕಿ ಎದ್ದು ಕಿರುಚುತ್ತಾನೆ. ಕಟ್ ಇದ್ದಿದ್ದರೆ ನಮಗೆ ಉಸಿರಾಡೋಕೆ ಜಾಗ ಸಿಗುತ್ತಿತ್ತು. ಇಲ್ಲಿ ಅವಳ ಜೊತೆ ನಾವೂ ಸಿಕ್ಕಿಹಾಕಿಕೊಳ್ಳುತ್ತೇವೆ. ಆ ಹುಡುಗನ ಪಾತ್ರ ಮಾಡಿದ ಓವನ್ ಕೂಪರ್‌ಗೆ ಇದು ಮೊದಲ ಪಾತ್ರ ಅಂದ್ರೆ ನಂಬೋದು ಕಷ್ಟ, ಅಲ್ವಾ?

2ನೇ ಕಂತಿನ ಶಾಲೆಯ ಓಡಾಟ ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಕೊನೆಗೆ ಕ್ಯಾಮೆರಾ ಮೇಲೇರಿ ಹಾರುವುದೂ ಅಲ್ಲೇ. ಅದನ್ನ ಬೇಕಾದರೆ ಶೋಕಿ ಅನ್ನಿ, ಜಗಳ ಮಾಡಲ್ಲ.