ಓದುಗರ ಪ್ರಶ್ನೆ: ಹವಾಮಾನ, ಗುರುಪೀಠ ಮತ್ತು ಪಕ್ಷ

ಪ್ರಶ್ನೆ: ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಿದರೂ ಅಮೆರಿಕದ ರಾಜಕೀಯ ಒಡಕು ಕಡಿಮೆಯಾಗಲಿಲ್ಲವೆಂದು ಓದಿದೆ. ಹಾಗಿದ್ದರೆ ನಮ್ಮ ಕಡೆಯ ಸ್ವಾಮೀಜಿಗಳು ಇದರ ಬಗ್ಗೆ ಮಾತನಾಡಿ ಪ್ರಯೋಜನವೇನು?
– ಓದುಗರೊಬ್ಬರು, ಕೊಪ್ಪಳ

ಉತ್ತರ: ನೀವು ಓದಿದ್ದು ನಿಜ. 2015ರ ಜೂನ್‌ನಲ್ಲಿ ಹೊರಬಂದ 'ಲೌದಾತೊ ಸಿ' ಎಂಬ ಪೋಪ್‌ರ ಧರ್ಮಪತ್ರ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಂದೇ ಎಂದು ಕಂಡಿತ್ತು. ಅದು ಪ್ರಕಟವಾಗುವ ಹೊತ್ತಿಗೆ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಹೊರಟಿದ್ದ ಜೆಬ್ ಬುಷ್, ತಾವೇ ಕ್ಯಾಥೊಲಿಕರಾಗಿದ್ದರೂ, ಆರ್ಥಿಕ ನೀತಿಯನ್ನು ತಾವು ಬಿಷಪ್ಪರಿಂದಾಗಲಿ ಪೋಪ್‌ರಿಂದಾಗಲಿ ಪಡೆಯುವುದಿಲ್ಲ ಎಂದುಬಿಟ್ಟರು. ಮರುವರ್ಷ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಕಂಡದ್ದು ಇನ್ನೂ ನೋವಿನ ಸಂಗತಿ: ಪತ್ರದ ಬಗ್ಗೆ ತಿಳಿದಿದ್ದ ಸಂಪ್ರದಾಯವಾದಿ ಕ್ಯಾಥೊಲಿಕರಲ್ಲಿ ಅನೇಕರು ತಮ್ಮ ಅಭಿಪ್ರಾಯವನ್ನು ಬದಲಿಸುವ ಬದಲು, ಈ ವಿಷಯದಲ್ಲಿ ಪೋಪ್‌ರ ಮಾತಿನ ಮೇಲಿದ್ದ ವಿಶ್ವಾಸವನ್ನೇ ತಗ್ಗಿಸಿಕೊಂಡಿದ್ದರು. ಭಕ್ತರು ಗುರುವನ್ನೇ ಪಕ್ಷದ ತಕ್ಕಡಿಯಲ್ಲಿಟ್ಟು ತೂಗಿದರು. ಯೇಲ್ ಮತ್ತು ಜಾರ್ಜ್ ಮೇಸನ್ ವಿಶ್ವವಿದ್ಯಾಲಯಗಳ ಸಮೀಕ್ಷೆಯಲ್ಲಿ ಮಾತ್ರ, ಪತ್ರ ಬಂದ ಮೇಲಿನ ತಿಂಗಳುಗಳಲ್ಲಿ ಕ್ಯಾಥೊಲಿಕರಲ್ಲಿ ಹವಾಮಾನದ ಚಿಂತೆ ಹೆಚ್ಚಿದ್ದು ಕಂಡುಬಂದಿತು. ಆದ್ದರಿಂದ ಆ ಮಾತು ಪೂರ್ತಿ ವ್ಯರ್ಥವಾಯಿತೆಂದು ನಾನು ಹೇಳಲಾರೆ.

ಆದರೆ ಅದು ತಡವಾಗಿ ಬಂದ ಮಾತು. 1992ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ಅಧ್ಯಕ್ಷರಾದ ಹಿರಿಯ ಬುಷ್ ಅವರೇ. 2006ರಲ್ಲಿ ಇವ್ಯಾಂಜೆಲಿಕಲ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥದ 86 ಮುಖಂಡರು ಹವಾಮಾನದ ಪರವಾಗಿ ಹೇಳಿಕೆ ಹೊರಡಿಸುವ ಹೊತ್ತಿಗಾಗಲೇ ಅದೇ ಪಂಥದ ಇತರ ಮುಖಂಡರು ಅದಕ್ಕೆ ಎದುರಾಗಿ ನಿಂತಿದ್ದರು. ವಿಷಯಕ್ಕೆ ಒಮ್ಮೆ ಪಕ್ಷದ ಬಣ್ಣ ಹತ್ತಿದ ಮೇಲೆ ಯಾವ ಪೀಠದಿಂದ ಮಾತು ಬಂದರೂ ಜನ ಮೊದಲು ಆ ಬಣ್ಣವನ್ನೇ ನೋಡುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಸ್ಥಿತಿ ಬೇರೆ. ಬಿಸಿಲು ಹೆಚ್ಚುತ್ತಿದೆ, ಮಳೆಯ ಲೆಕ್ಕ ತಪ್ಪಿದೆ ಎಂಬುದನ್ನು ಇಲ್ಲಿ ಯಾವ ಪಕ್ಷದವರೂ ಅಲ್ಲಗಳೆಯುವುದಿಲ್ಲ; ಒಡಕು ಹುಟ್ಟುವುದು ಗಣಿ ಮತ್ತು ಕಾರ್ಖಾನೆಯ ಮಾತು ಬಂದಾಗ. ಬಣ್ಣ ಇನ್ನೂ ಪೂರ್ತಿ ಹತ್ತಿಲ್ಲವಾದ್ದರಿಂದಲೇ ಗುರುಗಳು ಮಾತನಾಡಬೇಕಾದ ಹೊತ್ತು ಇದು. ನಿಮ್ಮೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗವಿಸಿದ್ಧೇಶ್ವರ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು 2019ರಲ್ಲಿ ಹಿರೇಹಳ್ಳದ ಪುನಶ್ಚೇತನಕ್ಕೆ ಹೊರಟಾಗ ತಾವೇ ಹಳ್ಳಕ್ಕಿಳಿದರು, ಊರೂರಿನ ಜನ ಹಿಂದೆ ಬಂದರು. 2025ರ ಫೆಬ್ರವರಿಯಲ್ಲಿ ಪಟ್ಟಣದ ಮಗ್ಗುಲಲ್ಲೇ ಬರಲಿದ್ದ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ಆದಾಗ ಅವರ ಮಾತು ಕೇಳಲು ಬೇರೆ ಬೇರೆ ಪಕ್ಷಗಳ ಮುಖಂಡರು ಒಂದೇ ವೇದಿಕೆಯಲ್ಲಿದ್ದರು. ಹಳ್ಳದ ಹೂಳಿನಲ್ಲಿ ದುಡಿದ ಕೈಗಳನ್ನು ಕಂಡಿದ್ದ ಜನರಿಗೆ ಆ ಮಾತು ರಾಜಕೀಯವೆಂದು ಅನಿಸಲಿಲ್ಲ ಎಂಬುದು ನನ್ನ ನಂಬಿಕೆ.

ಪ್ರಶ್ನೆ: ಬೇರೆ ಧರ್ಮಗಳಲ್ಲೂ ಇಂಥ ಕರೆಗಳು ಬಂದಿವೆಯೇ?
– ಸಿರುಗುಪ್ಪದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಬಂದಿವೆ. 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರು ಇಸ್ಲಾಮಿಕ್ ಹವಾಮಾನ ಘೋಷಣೆಯನ್ನು ಹೊರಡಿಸಿದರು. ಅದೇ ವರ್ಷ ಹಿಂದೂ ಮುಖಂಡರ ಘೋಷಣೆಯೂ ಬಂದಿತು. ಆರ್ಥೊಡಾಕ್ಸ್ ಕ್ರೈಸ್ತರ ಹಿರಿಯ ಧರ್ಮಗುರು ಬಾರ್ತಲೋಮ್ಯೊ ಅವರಂತೂ 1990ರ ದಶಕದಿಂದಲೂ ಪ್ರಕೃತಿಯನ್ನು ಹಾಳುಗೆಡಹುವುದು ಪಾಪವೆಂದು ಹೇಳುತ್ತ ಬಂದಿದ್ದಾರೆ.

ಪ್ರಶ್ನೆ: ನಮ್ಮ ಮಠದ ಭಕ್ತರಲ್ಲಿ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ನೌಕರರೂ ಗುತ್ತಿಗೆ ಕಾರ್ಮಿಕರೂ ಇದ್ದಾರೆ. ಗುರುಗಳು ಕಲ್ಲಿದ್ದಲಿನ ವಿರುದ್ಧ ಮಾತನಾಡಿದರೆ ಅವರ ಅನ್ನಕ್ಕೆ ಕಲ್ಲು ಹಾಕಿದಂತಾಗುವುದಿಲ್ಲವೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಈ ಪ್ರಶ್ನೆಯನ್ನು ಯಾವ ಗುರುವೂ ಹಗುರವಾಗಿ ಕಾಣಬಾರದು. ಅಮೆರಿಕದ ಪಶ್ಚಿಮ ವರ್ಜೀನಿಯಾ, ಕೆಂಟಕಿಗಳಲ್ಲಿ ಒಡಕು ಅಷ್ಟು ಆಳಕ್ಕಿಳಿಯಲು ಒಂದು ದೊಡ್ಡ ಕಾರಣವೆಂದರೆ, ಹವಾಮಾನದ ಮಾತನಾಡುವವರು ತಮ್ಮ ಬದುಕನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂದು ಗಣಿ ಕಾರ್ಮಿಕರಿಗೆ ಅನಿಸಿದ್ದು. ಶಕ್ತಿನಗರದ 1,720 ಮೆಗಾವಾಟ್ ಸ್ಥಾವರದ ಹೊಗೆ, ಹಾರುಬೂದಿ ಮೊದಲು ಬೀಳುವುದು ಅಲ್ಲಿಯೇ ದುಡಿಯುವವರ ಮನೆಯ ಮೇಲೆ. ಹಾಗಾಗಿ ಅವರ ಆರೋಗ್ಯದಿಂದ ಮಾತು ಶುರುವಾದರೆ ಅವರಿಗೆ ಅದು ತಮ್ಮ ವಿರುದ್ಧದ ಮಾತಾಗಿ ಕೇಳಿಸದು. ಹಳೆಯ ಘಟಕಗಳು ಮುಚ್ಚುವ ದಿನ ಇಂದಲ್ಲ ನಾಳೆ ಬಂದೇ ಬರುತ್ತದೆ. ಅಂದು ಗುತ್ತಿಗೆ ಕಾರ್ಮಿಕನಿಗೆ ಏನು ಕೆಲಸ, ಯಾರು ತರಬೇತಿ ಕೊಡುತ್ತಾರೆ ಎಂದು ಎಲ್ಲ ಪಕ್ಷಗಳನ್ನೂ ಈಗಲೇ ಕೇಳುವ ಧೈರ್ಯ ಮಠಕ್ಕಿರಬೇಕು. ಬಿಸಿಲಿಗೆ ಹೆಸರಾದ ನಮ್ಮ ನಾಡಿನಲ್ಲಿ ಸೌರ ವಿದ್ಯುತ್ತಿನ ಕೆಲಸ ಕಲಿಸಲು ಮಠಗಳು ನಡೆಸುವ ಐಟಿಐಗಳಿಗಿಂತ ಸೂಕ್ತ ಜಾಗ ಯಾವುದಿದೆ? ನಿಮ್ಮ ಗುರುಗಳಿಗೆ ಈ ಪತ್ರ ತೋರಿಸಿ, ಪ್ರವಚನಕ್ಕೂ ಮೊದಲು ಒಂದು ಸಂಜೆ ಕಾರ್ಮಿಕರ ಕ್ವಾರ್ಟರ್ಸ್‌ಗೆ ಅವರನ್ನು ಕರೆದುಕೊಂಡು ಹೋಗಿ.